ಒಂದೇ ಟ್ಯಾಂಕಿನಲ್ಲಿ ಬೇರೆ ಬೇರೆ ಕಲರ್ ಫಿಲ್ಮ್‌ಗಳು: ನನ್ನ ಅನುಭವ

ಕಪ್ಪು-ಬಿಳುಪು ಫಿಲ್ಮ್‌ಗಳನ್ನು ಮನೆಯಲ್ಲೇ ತೊಳೆದು ಅಭ್ಯಾಸವಿದ್ದ ನನಗೆ, ಕಲರ್ ನೆಗೆಟಿವ್‌ಗಳನ್ನು ಕಂಪನಿ, ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) ಯಾವುದನ್ನೂ ನೋಡದೆ ಒಟ್ಟಿಗೆ ತೊಳೆಯಬಹುದೆಂಬುದು ಮೊದಲಿಗೆ ನಂಬಲಾಗದ ಮಾತಾಗಿತ್ತು. ಕಪ್ಪು-ಬಿಳುಪಿನಲ್ಲಿ ಫಿಲ್ಮ್ ಬದಲಾದರೆ ಸಮಯ ಬದಲಾಗುತ್ತದೆ, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಬದಲಾದರೂ ಬದಲಾಗುತ್ತದೆ. ಪ್ರತಿ ಸಲವೂ ಕೋಷ್ಟಕ ನೋಡಬೇಕು. ಆದರೆ ಕೊಡಾಕ್ 1972ರಲ್ಲಿ ತಂದ, ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನಕ್ಕೆ ಉಳಿದ ತಯಾರಕರೂ ತಮ್ಮ ಫಿಲ್ಮ್‌ಗಳನ್ನು ಹೊಂದಿಸಿಕೊಂಡಿದ್ದರಿಂದ, ಎಕ್ಟಾರ್ 100 ಆಗಲಿ, ಗೋಲ್ಡ್ 200 ಆಗಲಿ, ಪೋರ್ಟ್ರಾ 800 ಆಗಲಿ, ಫ್ಯೂಜಿಯ ಸುಪೀರಿಯಾ ಆಗಲಿ, ಎಲ್ಲಕ್ಕೂ ಡೆವಲಪರ್‌ನಲ್ಲಿ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡ್ ಎಂಬುದೇ ಮೂಲ ಲೆಕ್ಕ. ಇಲ್‌ಫರ್ಡ್‌ನ ಎಕ್ಸ್‌ಪಿ2 ಸೂಪರ್ ಕೊಡುವುದು ಕಪ್ಪು-ಬಿಳುಪು ಚಿತ್ರವನ್ನಾದರೂ ಅದು ಕೂಡ ಇದೇ ಗುಂಪಿಗೆ ಸೇರುತ್ತದೆ.

ಆದ್ದರಿಂದ ತೊಳೆಯುವ ಮೊದಲು ನಾನು ನೋಡುವುದು ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಮುದ್ರಿತವಾಗಿರುವ ವಿಧಾನದ ಹೆಸರನ್ನು ಮಾತ್ರ. ಸಿ-41 ಎಂದಿದ್ದರೆ ಒಳಗೆ, ಇಲ್ಲವಾದರೆ ಹೊರಗೆ. ಮಾಮೂಲಿ ಕಪ್ಪು-ಬಿಳುಪು ಫಿಲ್ಮ್ ಅಪ್ಪಿತಪ್ಪಿ ಈ ಟ್ಯಾಂಕಿಗೆ ಸೇರಿಬಿಟ್ಟರೆ ಏನೂ ಉಳಿಯುವುದಿಲ್ಲ, ಏಕೆಂದರೆ ಅದರ ಚಿತ್ರವಿರುವುದು ಬೆಳ್ಳಿಯಲ್ಲಿ, ಡೆವಲಪರ್ ಆದ ಮೇಲೆ ಸುರಿಯುವ ಬ್ಲಿಕ್ಸ್ ಎಂಬ ಬ್ಲೀಚ್-ಫಿಕ್ಸರ್ ದ್ರಾವಣದ ಕೆಲಸವೇ ಬೆಳ್ಳಿಯನ್ನೆಲ್ಲ ತೆಗೆದುಹಾಕುವುದು. ಕಲರ್ ಫಿಲ್ಮ್‌ನಲ್ಲಾದರೆ ಬೆಳ್ಳಿ ಹೋದ ಮೇಲೂ ಬಣ್ಣದ ಚಿತ್ರ ಉಳಿಯುತ್ತದೆ. ಇ-6 ಎಂಬ ಬೇರೆ ವಿಧಾನದಲ್ಲಿ ತೊಳೆಯಬೇಕಾದ ಸ್ಲೈಡ್ ಫಿಲ್ಮ್ ಹಾಕಿದರೆ ನೆಗೆಟಿವ್ ಬರುತ್ತದೆ, ಬಣ್ಣ ಮಾತ್ರ ವಿಚಿತ್ರವಾಗಿರುತ್ತದೆ; ಬೇಕೆಂದೇ ಹಾಗೆ ಮಾಡುವವರಿದ್ದಾರೆ. ನಾನು ನಿಜವಾಗಿ ಹೆದರುವುದು ಬೆನ್ನಿನ ಮೇಲೆ ರೆಮ್‌ಜೆಟ್ ಎಂಬ ಕಪ್ಪು ಇಂಗಾಲದ ಪದರವಿರುವ ಸಿನಿಮಾ ಫಿಲ್ಮಿಗೆ. ಆ ಪದರ ಡೆವಲಪರ್‌ನಲ್ಲಿ ಕದಲಿ, ಅದರ ಕಣಗಳು ಪಕ್ಕದ ರೋಲ್‌ಗಳಿಗೂ ಅಂಟುತ್ತವೆ, ದ್ರಾವಣವೂ ಕೆಡುತ್ತದೆ. ಸಿನಿಸ್ಟಿಲ್ 800ಟಿ ಮೂಲದಲ್ಲಿ ಸಿನಿಮಾ ಫಿಲ್ಮೇ ಆದರೂ ಆ ಪದರವನ್ನು ಮೊದಲೇ ತೆಗೆದು ಮಾರುವುದರಿಂದ ಅದನ್ನು ನಿಶ್ಚಿಂತೆಯಿಂದ ಸೇರಿಸುತ್ತೇನೆ.

ಇನ್ನೊಂದು ವಿಂಗಡಣೆ ನಾನೇ ಮಾಡಿಕೊಂಡದ್ದು. 400ರ ಫಿಲ್ಮನ್ನು ಮಂದ ಬೆಳಕಿನಲ್ಲಿ 800 ಎಂದುಕೊಂಡು ತೆಗೆದು, ಬೆಳಕಿನ ಆ ಕೊರತೆ ತುಂಬಲು ಪುಶ್ ಮಾಡಬೇಕಾಗಿದ್ದರೆ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡಬೇಕು, ಆದ್ದರಿಂದ ಅದು ಉಳಿದವುಗಳ ಜೊತೆ ಸೇರುವಂತಿಲ್ಲ. ಅಂಥ ರೋಲ್‌ನ ತುದಿಗೆ ಕ್ಯಾಮೆರಾದಿಂದ ತೆಗೆದ ಕೂಡಲೇ ಟೇಪು ಅಂಟಿಸಿ ಬರೆದಿಡುತ್ತೇನೆ. ಕತ್ತಲೆ ಚೀಲದೊಳಗೆ ಕೈ ಹೋದ ಮೇಲೆ ಎಲ್ಲ ಫಿಲ್ಮೂ ಒಂದೇ.

ಕಷ್ಟವೆಲ್ಲ ಇರುವುದು ಉಷ್ಣತೆಯಲ್ಲಿ. ಫಿಲ್ಮಿನ ಮೂರು ಬಣ್ಣದ ಪದರಗಳಲ್ಲಿ ಮೇಲಿನದಕ್ಕೆ ಡೆವಲಪರ್ ಮೊದಲು ತಲುಪುತ್ತದೆ, ಕೆಳಗಿನದಕ್ಕೆ ಕೊನೆಗೆ. ಸಮಯ ಮತ್ತು ಶಾಖ ಎರಡೂ ಸರಿಯಿದ್ದಾಗ ಮಾತ್ರ ಮೂರೂ ಸಮವಾಗಿ ಬೆಳೆಯುತ್ತವೆ. ತಪ್ಪಿದರೆ ನೆರಳಿನಲ್ಲಿ ಒಂದು ಛಾಯೆ, ಬೆಳಕಿನಲ್ಲಿ ಇನ್ನೊಂದು ಛಾಯೆ ಬಂದು, ಸ್ಕ್ಯಾನ್ ಮಾಡುವಾಗ ಎಷ್ಟು ತಿದ್ದಿದರೂ ಹೊಂದುವುದಿಲ್ಲ. ನೀರನ್ನು ಒಂದೇ ಶಾಖದಲ್ಲಿಡಲು ಅಡುಗೆಗೆಂದು ಮಾರುವ ಸೂ ವೀಡ್ ಹೀಟರನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಲ್ಲಿಸಿ, ಬಾಟಲಿಗಳ ಜೊತೆ ಫಿಲ್ಮ್ ತುಂಬಿದ ಟ್ಯಾಂಕನ್ನೂ ಆ ನೀರಿನಲ್ಲೇ ಇಡುತ್ತೇನೆ. ಟಬ್ಬಿನ ನೀರಿನ ಅಂಕಿಯನ್ನು ನಂಬದೆ, ಥರ್ಮಾಮೀಟರನ್ನು ಡೆವಲಪರ್ ಬಾಟಲಿಯೊಳಗೇ ಇಳಿಸಿ ನೋಡುವುದು ಒಳ್ಳೆಯದು. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಎರಡಕ್ಕೂ ಸಾಕಷ್ಟು ವ್ಯತ್ಯಾಸವಿರುತ್ತದೆ.

ಮೊದಲು ಅದೇ ಶಾಖದ ನೀರಿನಲ್ಲಿ ಒಂದು ನಿಮಿಷ ನೆನೆಸಿ ಚೆಲ್ಲುವಾಗ, ಫಿಲ್ಮಿನಿಂದ ಬಿಟ್ಟ ಬಣ್ಣದಿಂದ ನೀರು ಕೆಲವು ಸಲ ನೀಲಿ-ಹಸಿರಾಗಿರುತ್ತದೆ, ಗಾಬರಿಪಡುವಂಥದ್ದೇನೂ ಅಲ್ಲ. ಡೆವಲಪರ್ ಸುರಿದ ಮೊದಲ ಕೆಲವು ಸೆಕೆಂಡ್ ಬಿಡದೆ ತಲೆಕೆಳಗು ಮಾಡಿ, ಆಮೇಲೆ ಅರ್ಧ ನಿಮಿಷಕ್ಕೊಮ್ಮೆ ನಾಲ್ಕು ಸಲ ಮಗುಚುತ್ತೇನೆ. ಬ್ಲಿಕ್ಸ್‌ನಲ್ಲಿ ಅಷ್ಟು ಬಿಗಿ ಬೇಡ, ಅದು ತನ್ನ ಕೆಲಸ ಮುಗಿಸಿ ನಿಲ್ಲುವುದರಿಂದ ಸ್ವಲ್ಪ ಹೊತ್ತು ಹೆಚ್ಚಾದರೆ ಹಾನಿಯಿಲ್ಲ, ಕಡಿಮೆಯಾಗಬಾರದು ಅಷ್ಟೆ. ಒಳಗೆ ಅನಿಲದ ಒತ್ತಡ ಏಳುವುದರಿಂದ ಮುಚ್ಚಳವನ್ನು ಆಗಾಗ ಸಡಿಲಿಸಬೇಕು. ನಮ್ಮ ಬೋರ್‌ವೆಲ್ ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಉಳಿಸುವುದರಿಂದ, ಕೊನೆಯಲ್ಲಿ ಫಿಲ್ಮನ್ನು ಅದ್ದುವ ಸ್ಟೆಬಿಲೈಸರ್ ದ್ರಾವಣವನ್ನು ಮಾತ್ರ ಡಿಸ್ಟಿಲ್ಡ್ ನೀರಿನಲ್ಲೇ ಕಲಸುತ್ತೇನೆ.

ಕಲಸಿಟ್ಟ ಡೆವಲಪರ್ ಗಾಳಿ ತಾಗಿ ಕೆಡುತ್ತಾ ಹೋಗುವುದರಿಂದ, ತೆಗೆದ ರೋಲ್‌ಗಳನ್ನು ಫ್ರಿಜ್ಜಿನಲ್ಲಿ ಕೂಡಿಟ್ಟು, ರಾಸಾಯನಿಕಗಳ ಕಿಟ್ ಕಲಸಿದ ಮೇಲೆ ಬೇಗ ಬೇಗ ತೊಳೆದು ಮುಗಿಸುವುದೇ ನನ್ನ ಪದ್ಧತಿ. ಹೆಚ್ಚು ಐಎಸ್‌ಒ ಇರುವ ವೇಗದ ಫಿಲ್ಮ್‌ಗಳು ಡೆವಲಪರ್‌ನ ಶಕ್ತಿಯನ್ನು ಹೆಚ್ಚು ಹೀರುತ್ತವೆ. ಮುಖ್ಯವಾದ ರೋಲ್‌ಗಳು ತಾಜಾ ದ್ರಾವಣದಲ್ಲಿ ಮೊದಲ ಸರದಿಗೆ ಹೋಗುತ್ತವೆ, ಕ್ಯಾಮೆರಾ ಪರೀಕ್ಷೆಗೆಂದು ತೆಗೆದವು ಕೊನೆಗೆ; ಒಂದು ಟ್ಯಾಂಕಿಗೆ ಮೂರು ರೋಲ್ ಹಾಕಿದ್ದರೆ ಬಾಟಲಿಯ ಮೇಲೆ ಮೂರೇ ಗೆರೆ ಎಳೆದು, ಮುಂದಿನ ಸರದಿಗೆ ಕಿಟ್ ಹೇಳಿದಷ್ಟು ಸಮಯ ಕೂಡಿಸುತ್ತೇನೆ.

ಒಟ್ಟಿಗೆ ತೊಳೆದವೆಂದು ಒಟ್ಟಿಗೇ ಸ್ಕ್ಯಾನ್ ಮಾಡಲಾಗುವುದಿಲ್ಲ. ಕಲರ್ ನೆಗೆಟಿವ್‌ನ ಕಿತ್ತಳೆ ತಳದ ಛಾಯೆ ಫಿಲ್ಮಿನಿಂದ ಫಿಲ್ಮಿಗೆ ಬೇರೆ, ಎಕ್ಸ್‌ಪಿ2ಗಂತೂ ಅದು ಇಲ್ಲವೇ ಇಲ್ಲ. ಪ್ರತಿ ರೋಲ್‌ನ ಚಿತ್ರವಿಲ್ಲದ ತುದಿಯನ್ನು ಮೊದಲು ಅಳೆದು, ಆ ಫಿಲ್ಮಿಗೆ ಪ್ರತ್ಯೇಕವಾಗಿ ಬಣ್ಣ ಹೊಂದಿಸಿಕೊಂಡ ಮೇಲೆಯೇ ಮುಂದಿನ ಚೌಕಟ್ಟುಗಳಿಗೆ ಹೋಗುತ್ತೇನೆ.