ಮೊಟ್ಟೆ ಟ್ರೇ ಇಟ್ಟು ಸ್ಲೈಸ್ ಬಿಡಿಸಿದ್ದು

ಎಂಟು ವರ್ಷ ನನ್ನ ಗಾಲ್ಫ್ ಬಾಲು ಬಲಕ್ಕೇ ಹೋಯಿತು. ಬೆಳಗಾವಿ ಕ್ಯಾಂಪಿನಲ್ಲಿ ಭಾನುವಾರ ನನ್ನ ಜೊತೆ ಆಡುವವರಿಗೆಲ್ಲ ಇದು ಗೊತ್ತು. ನಾನು ಟೀ (ಮೊದಲ ಏಟು ಹೊಡೆಯುವ ಜಾಗ) ಹತ್ತಿರ ನಿಂತರೆ ಸಾಕು, ಕೋಲಿನ ಚೀಲ ಹೊರುವ ಕ್ಯಾಡಿ ಹುಡುಗ ಮೊದಲೇ ಬಲಗಡೆ ಗಿಡಗಳ ಕಡೆ ನಡೆದುಬಿಡುತ್ತಿದ್ದ. ಕಳೆದ ದೀಪಾವಳಿಯಿಂದ ಅವನು ನಡುವಿನ ಹುಲ್ಲುಹಾದಿಯಾದ ಫೇರ್‌ವೇ ಮೇಲೆ ನಡೆಯುತ್ತಿದ್ದಾನೆ. ಹೇಗಾಯಿತು ಅಂತ ಎಲ್ಲರೂ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಬಾಲು ಹೀಗೆ ಬಲಕ್ಕೆ ಬಾಗುವುದಕ್ಕೇ ಸ್ಲೈಸ್ ಅನ್ನುತ್ತಾರೆ. ಕ್ಲಬ್ (ಹೊಡೆಯುವ ಕೋಲು) ಬಾಲಿನ ಆಚೆ ಬದಿಯಿಂದ ನಮ್ಮ ಕಡೆಗೆ ಕೊಯ್ದಂತೆ ಬಂದರೆ ಹೀಗಾಗುತ್ತದೆ.

ಮೊದಲು ದುಡ್ಡಿನ ಲೆಕ್ಕ. ಬೇರೆ ಊರಿನ ಒಬ್ಬ ಕೋಚ್ ಹತ್ತಿರ ಹನ್ನೆರಡು ಕ್ಲಾಸ್, ಹದಿನೆಂಟು ಸಾವಿರ. ಅವರು ಗ್ರಿಪ್ ಬದಲಿಸಿದರು, ನಿಲ್ಲುವುದನ್ನು ಬದಲಿಸಿದರು. ಬಾಲು ಮಾತ್ರ ತನ್ನ ದಾರಿ ಬದಲಿಸಲಿಲ್ಲ. ಆಮೇಲೆ ಸ್ಲೈಸ್ ತಾನೇ ಕಡಿಮೆ ಮಾಡುತ್ತದೆ ಅಂತ ಹೇಳಿ ಮಾರಿದ ಡ್ರೈವರ್ (ದೂರ ಹೊಡೆಯುವ ಕ್ಲಬ್), ನಲವತ್ತು ಸಾವಿರದ ಮೇಲೆ. ಮೊಣಕೈಗೆ ಕಟ್ಟುವ ಪಟ್ಟಿ, ಬಾಗುವ ಕೋಲು ಅದು ಇದು ಸೇರಿ ಇನ್ನೊಂದು ಹತ್ತು. ಪೆಟ್ರೋಲ್, ಲಾಡ್ಜ್ ಹಿಡಿದರೆ ಒಟ್ಟು ಎಂಬತ್ತು ಸಾವಿರ ಆಗಿರಬೇಕು. ಮನೆಯಲ್ಲಿ ಐವತ್ತು ಅಂತ ಹೇಳಿದ್ದೇನೆ.

ಕಣ್ಣು ತೆರೆಸಿದವನು ಆ ಕ್ಯಾಡಿ ಹುಡುಗನೇ. ಅವನ ಹತ್ತಿರ ಇರುವುದು ಒಂದೇ ಒಂದು ಕ್ಲಬ್, ಸೆವೆನ್ ಐರನ್ ಅನ್ನುವ ಕಬ್ಬಿಣದ ತಲೆಯದು. ಗ್ರಿಪ್ ಸವೆದು ಹೋಗಿ ಟೇಪ್ ಸುತ್ತಿದ್ದಾನೆ. ಸ್ವಿಂಗ್ ಮಾತ್ರ ಬೆಣ್ಣೆ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಶುರುಮಾಡಿ 2009ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದರು. ಅವರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಕಲಿತಿರಲಿಕ್ಕಿಲ್ಲ ಅಲ್ವಾ? ಇನ್ನು ಸಾಮಾನು ಕೊಳ್ಳಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಜೂನ್ ಬಂತು, ನಮ್ಮೂರಿನ ಮಳೆ ಹಿಡಿಯಿತು. ಮೈದಾನ ಕೆಸರು. ಶೆಡ್ಡಿನಲ್ಲಿ ಒಂದು ಲೇತ್ ಸರಿಸಿ ಜಾಗ ಮಾಡಿಕೊಂಡೆ. ಸಾವಿರದ ಚಿಲ್ಲರೆ ಕೊಟ್ಟು ಕ್ರಿಕೆಟ್ ನೆಟ್ ತಂದು ಕಟ್ಟಿದೆ. ಮೊದಲ ಬಾಲೇ ನೆಟ್ ದಾಟಿ ಟ್ಯೂಬ್‌ಲೈಟ್ ಒಡೆಯಿತು. ಗಾಲ್ಫ್ ಬಾಲು 43 ಮಿಲಿಮೀಟರ್, ನೆಟ್ಟಿನ ಕಣ್ಣು 50. ದಿನವಿಡೀ ವರ್ನಿಯರ್ ಹಿಡಿಯುವ ನನಗೆ ಇದು ಹೊಳೆಯಲಿಲ್ಲ! ಹಿಂದೆ ಹಳೇ ಜಮಖಾನೆ ಇಳಿಬಿಟ್ಟೆ, ಸರಿಹೋಯಿತು.

ಬಾಲಿನ ಆಚೆ, ಅಂದರೆ ನಮ್ಮ ಕಾಲಿನಿಂದ ದೂರದ ಬದಿ, ಏನಾದರೂ ಇಟ್ಟರೆ ಕ್ಲಬ್ ಹೊರಗಿನಿಂದ ಬರುವುದು ನಿಲ್ಲುತ್ತದೆ ಅಂತ ಓದಿದ್ದೆ. ಧೈರ್ಯ ಮಾಡಿ ಇಟ್ಟಿಗೆ ಇಟ್ಟೆ. ನೀವು ಇಡಬೇಡಿ. ಮೂರನೇ ಸ್ವಿಂಗಿಗೆ ಇಟ್ಟಿಗೆ ಎರಡು ತುಂಡು, ಐರನ್ ಕತ್ತು ಸೊಟ್ಟ, ಮಣಿಕಟ್ಟು ಹದಿನೈದು ದಿನ ಬ್ಯಾಂಡೇಜಿನಲ್ಲಿ. ಆಮೇಲೆ ಥರ್ಮೋಕೋಲ್ ಇಟ್ಟು ನೋಡಿದೆ, ಅದರ ಬಿಳಿ ಕಾಳು ಲೇತಿನ ಎಣ್ಣೆಗೆಲ್ಲ ಅಂಟಿತು. ಕೊನೆಗೆ ಸಿಕ್ಕಿದ್ದು ಮೊಟ್ಟೆ ಟ್ರೇ, ಮೂವತ್ತು ಮೊಟ್ಟೆಯ ರಟ್ಟಿನದು. ಅಂಗಡಿಯವರು ಸುಮ್ನೆ ಕೊಡುತ್ತಾರೆ. ತಗುಲಿದರೆ ಕೈಗೆ ನೋವಿಲ್ಲ, ಆದರೆ ಟಪ್ ಅಂತ ಸದ್ದು ಬರುತ್ತದೆ, ರಟ್ಟು ಹರಿಯುತ್ತದೆ. ಸುಳ್ಳು ಹೇಳಲು ಆಗುವುದಿಲ್ಲ.

ಇಡುವುದು ಹೀಗೆ: ಬಾಲಿನ ಆಚೆ ಬದಿ ನಾಲ್ಕು ಬೆರಳು ಬಿಟ್ಟು, ಅರ್ಧ ಗೇಣು ಹಿಂದೆ. ಎರಡೂ ಪಾದ ಜೋಡಿಸಿ ನಿಲ್ಲಬೇಕು. ಕ್ಲಬ್ ಸೊಂಟದಿಂದ ಸೊಂಟಕ್ಕೆ ಮಾತ್ರ. ಜೋರು ಮಾಡಿದರೆ ನೀವೇ ಮುಗ್ಗರಿಸುತ್ತೀರಿ, ಬೇರೆ ಕೋಚ್ ಬೇಡ. ಮೊದಲ ದಿನ ಐವತ್ತಕ್ಕೆ ನಲವತ್ತು ಸಲ ಟ್ರೇಗೆ ಬಿತ್ತು. ಮೊದಲ ವಾರದಲ್ಲೇ ಎರಡು ಡಜನ್ ಟ್ರೇ ಹರಿದವು. ನಾಗರ ಪಂಚಮಿ ಹೊತ್ತಿಗೆ ಐವತ್ತಕ್ಕೆ ನಾಲ್ಕೋ ಐದೋ. ಆಮೇಲೆ ಮೂರು ಬೆರಳಿಗೆ ಸರಿಸಿದೆ, ಪಾದ ಬಿಡಿಸಿದೆ. ವಾರಕ್ಕೆ ಎರಡು ದಿನ ಮಾತ್ರ ಬಾಲು, ಉಳಿದ ದಿನ ಬರೀ ಸ್ವಿಂಗ್.

ಇದನ್ನು ಕೇಳಿ ನಮ್ಮ ಗುಂಪಿನ ರಿಟೈರ್ಡ್ ಸುಬೇದಾರ್ ಸಾಹೇಬರು ಬಹಳ ನಕ್ಕರು. "ಬಾಲ್ ಇಲ್ದ ಸ್ವಿಂಗ್ ಅಂದ್ರ ಅಂಗಳದಾಗ ಈಜು ಕಲ್ತಂಗ ಆತ್ರಿ." ಶಾಪಿನ ಹುಡುಗರೂ ಬಿಡಲಿಲ್ಲ. "ಮಾಲಕ್ರ, ತತ್ತಿ ಎಲ್ಲಿ ಇಟ್ಟೀರಿ?" ಅಂತ ದಿನಾ ಒಬ್ಬ ಕೇಳುತ್ತಿದ್ದ.

ನಡುವೆ ತಲೆಹರಟೆಯೂ ಮಾಡಿದೆ. 12 ಎಂಎಂ ಸರಳಿಗೆ ಹಳೇ ಗ್ರಿಪ್ ಹಾಕಿ ಭಾರದ ಕ್ಲಬ್ ಮಾಡಿದೆ, ಒಂದು ಕೆಜಿ ಹತ್ತಿರ. ಹತ್ತೇ ದಿನಕ್ಕೆ ಮೊಣಕೈ ಹಿಡಿದುಕೊಂಡಿತು. ಅದು ಈಗ ಮಾವಿನಕಾಯಿ ಕೆಡವಲು ಒಳ್ಳೆಯದು. ಇನ್ನೊಂದು ಮಾತ್ರ ಫಲ ಕೊಟ್ಟಿತು. ಹತ್ತಿರದ ತಾಲೀಮಿಗೆ (ಗರಡಿಮನೆಗೆ) ಹೋಗಿ ಗದೆ ತಿರುಗಿಸಿದೆ. ಅಲ್ಲಿನ ಗುರು ವಸ್ತಾದರು ಎರಡು ನಿಮಿಷ ನೋಡಿ, "ಕೈಲೆ ಬ್ಯಾಡ್ರಿ, ಟೊಂಕದ್ಲೆ ತಿರಗ್ರಿ" ಅಂದರು. ಹದಿನೆಂಟು ಸಾವಿರದ ಕ್ಲಾಸಿನಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರು, ತಲೆಗೆ ಹೋಗಿರಲಿಲ್ಲ. ವಸ್ತಾದರು ಒಂದು ಲೋಟ ಹಾಲು ಕುಡಿಸಿ ಕಳಿಸಿದರು, ದುಡ್ಡು ಮುಟ್ಟಲಿಲ್ಲ.

ಲಯಕ್ಕೆ "ವಿಠ್ಠಲ" ಅಂತ ಮೂರು ಎಳೆತದಲ್ಲಿ ಮೇಲೆತ್ತಿ, "ಹರಿ" ಅಂತ ಒಂದೇ ಏಟಿಗೆ ಇಳಿಸುತ್ತೇನೆ. ಮೇಲೆ ಹೋಗಲು ಮೂರು ಪಾಲು ಹೊತ್ತು, ಇಳಿಯಲು ಒಂದು ಪಾಲು. ಮಾಳಿಗೆ ಮೇಲೆ ಇದನ್ನು ಕೇಳಿದ ನಮ್ಮ ಅವ್ವ, ಮಗನಿಗೆ ಕೊನೆಗೂ ಭಕ್ತಿ ಬಂತು ಅಂದುಕೊಂಡಿದ್ದಳು.

ಮಳೆಗಾಲಕ್ಕೆ ಮುಂಚೆ ಹದಿನೆಂಟು ಹೋಲ್ (ಗುಳಿ) ಮುಗಿಸಲು 104, 105 ಏಟು ಆಗುತ್ತಿತ್ತು. ಈಗ ತೊಂಬತ್ತರ ಆಸುಪಾಸು, ಒಂದು ಸಲ 88. ಬಲಗೈ ಹೆಬ್ಬೆರಳಿನದು ಒಂದು ಗುಟ್ಟಿದೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಭಾನುವಾರ ನನ್ನ ಮೇಲೆ ನೂರು ರೂಪಾಯಿ ಪಂದ್ಯ ಕಟ್ಟುವವರೂ ಇದನ್ನು ಓದುತ್ತಾರೆ. ಎಚ್ಚರಿಕೆ ಒಂದೇ: ಟ್ರೇ ಜಾಸ್ತಿ ದಿನ ಇಟ್ಟರೆ ಬಾಲು ಎಡಕ್ಕೆ ಸುತ್ತಲು ಶುರುಮಾಡುತ್ತದೆ. ನನಗೂ ಆಯಿತು. ಆಗ ಈಚೆ ಬದಿಗೂ ಒಂದು ಟ್ರೇ ಇಟ್ಟು ಸಂದಿ ಮಾಡಿಕೊಳ್ಳಿ.

ಈಗ ಬಂಕರ್ (ಮೈದಾನದ ಮರಳು ಗುಂಡಿ) ಏಟು ಹಿಡಿದಿದ್ದೇನೆ. ಪಕ್ಕದ ಫೌಂಡ್ರಿಯಿಂದ ಹಳೇ ಮರಳು ಪುಕ್ಕಟೆ ಸಿಕ್ಕಿತು. ಅದರಲ್ಲಿ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ ಎಲ್ಲ ಇರುತ್ತದೆ. ಬಾಲಿನ ಜೊತೆ ಹಾರಬೇಕಾದ ಮರಳು ಉಂಡೆ ಕಟ್ಟಿ ಕೂತಿತು. ಒಂದು ಬಿಳಿ ಪ್ಯಾಂಟು ಹೋಯಿತು. ಹೊಳೆ ಮರಳು ತರಿಸಬೇಕು, ಅರ್ಧ ಬ್ರಾಸ್ (ಐವತ್ತು ಘನ ಅಡಿ) ಸಾಕು ಅನಿಸುತ್ತದೆ.