ಒರಗಿ ತುಳಿಯುವ ಸೈಕಲ್‌ಗೆ ಮುಂಚಕ್ರದ ಕ್ಯಾರಿಯರ್: ಮೊದಲು ರಟ್ಟು, ಆಮೇಲೆ ಕಬ್ಬಿಣ

ಬೆಳಗಾವಿಯಿಂದ ಬೈಲಹೊಂಗಲದ ಕಡೆ ಹೊರಟರೆ ಹೊಲದಲ್ಲಿ ಕೆಲಸ ಮಾಡುವವರು ನಿಂತು ನೋಡುತ್ತಾರೆ. 'ಮಲಗಿಕೊಂಡು ಸೈಕಲ್ ಹೊಡೀತಾರಲ್ರೀ!' ಅನ್ನುತ್ತಾರೆ. ಕುರ್ಚಿಯಲ್ಲಿ ಒರಗಿದಂತೆ ಕೂತು, ಕಾಲು ಮುಂದೆ ಚಾಚಿ ತುಳಿಯುವ ಈ ಸೈಕಲ್‌ಗೆ ರಿಕಂಬೆಂಟ್ ಅಂತ ಹೆಸರು. ಬೆನ್ನು, ಕುತ್ತಿಗೆ, ಮುಂಗೈ ನೋವಿದ್ದವರಿಗೆ ಇದು ದೊಡ್ಡ ನೆಮ್ಮದಿ. ಆದರೆ ನಾಲ್ಕು ದಿನದ ಊರಾಟಕ್ಕೆ ಹೊರಟರೆ ಸಾಮಾನು ಎಲ್ಲಿ ಕಟ್ಟುವುದು ಅನ್ನುವುದೇ ಪ್ರಶ್ನೆ.

ಅಂಗಡಿಯಲ್ಲಿ ಸಿಗುವ ಕ್ಯಾರಿಯರ್‌ಗಳೆಲ್ಲ ಮಾಮೂಲಿ ಸೈಕಲ್‌ನ ಅಳತೆಗೆ ಮಾಡಿದವು. ಅದಕ್ಕೆ ಒಂದು ಹಳೆಯ ಕಾರಣವೂ ಇದೆ. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಇಂಥದೇ ಒರಗು ಸೈಕಲ್ ಮೇಲೆ ಒಂದು ತಾಸಿನಲ್ಲಿ 45 ಕಿ.ಮೀ. ದಾಟಿ ದಾಖಲೆ ಮಾಡಿದರು. ಮರುವರ್ಷ, 1934ರಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ಬಗೆಯ ಸೈಕಲ್‌ಗಳನ್ನು ರೇಸ್‌ನಿಂದ ಹೊರಗಿಟ್ಟಿತು. ರೇಸ್‌ನಲ್ಲಿ ಇಲ್ಲದ ಸೈಕಲ್ ಅಂಗಡಿಗೂ ಅಷ್ಟಾಗಿ ಬರಲಿಲ್ಲ. ಹಾಗಾಗಿ ಕ್ಯಾರಿಯರ್ ನಾವೇ ಮಾಡಿಸಿಕೊಳ್ಳಬೇಕು. ಉದ್ಯಮಬಾಗದಂಥ ಕಾರ್ಖಾನೆ ಪ್ರದೇಶ ಇರುವ ಊರಿನಲ್ಲಿ ಅದು ಕಷ್ಟದ ಕೆಲಸ ಅಲ್ಲ.

ಮುಂದೆಯೇ ಯಾಕೆ?

ಎಲ್ಲ ಭಾರವನ್ನೂ ಸೀಟಿನ ಹಿಂದೆ ಹೇರಿ ವಂಟಮುರಿ ಘಾಟ್ ಏರಿ ನೋಡಿ. ಮುಂದಿನ ಚಕ್ರ ಹಗುರಾಗುತ್ತದೆ, ಹ್ಯಾಂಡಲ್ ಅತ್ತಿತ್ತ ಅಲೆಯುತ್ತದೆ. ಮೈಯನ್ನು ಮುಂದಕ್ಕೆ ಬಾಗಿಸಿ ಸರಿಮಾಡೋಣ ಅಂದರೆ ಒರಗಿ ಕೂತವರಿಗೆ ಅದು ಆಗುವುದಿಲ್ಲ. ಸ್ವಲ್ಪ ಭಾರ ಮುಂದೆ, ನೆಲದ ಹತ್ತಿರ ಬಂದರೆ ಸೈಕಲ್ ಹದಕ್ಕೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಪೆಡಲ್‌ಗಳು ಮುಂದಿನ ಚಕ್ರಕ್ಕಿಂತ ಮುಂದೆ ಇರುವ, 20 ಇಂಚಿನ ಮುಂಚಕ್ರದ ಸೈಕಲ್ ಬಗ್ಗೆ. ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಕವಲು, ಉಕ್ಕಿನದಾಗಿರಲಿ. ಕಾರ್ಬನ್ ಫೋರ್ಕ್ ಇದ್ದರೆ ಅದಕ್ಕೆ ಕ್ಲ್ಯಾಂಪ್ ಬಿಗಿಯಬೇಡಿ, ಅದು ಒಳಗೊಳಗೇ ಬಿರುಕು ಬಿಡಬಹುದು. ಸಸ್ಪೆನ್ಷನ್ ಫೋರ್ಕ್ ಆದರೆ ಕ್ಯಾರಿಯರ್‌ನ ಎಲ್ಲ ಹಿಡಿತಗಳೂ ಚಕ್ರದ ಜೊತೆ ಮೇಲೆ ಕೆಳಗೆ ಆಡುವ ಭಾಗದ ಮೇಲೆಯೇ ಇರಬೇಕು.

ರಟ್ಟಿನ ಬ್ಯಾಗು

ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಒಂದು ಸಂಜೆ ಪೂರ್ತಿ ಇದಕ್ಕೆ ಕೊಡಿ.

ನಿಮ್ಮ ಬ್ಯಾಗಿನ ಅಳತೆಗೆ ಸರಿಯಾಗಿ ರಟ್ಟಿನ ಎರಡು ಡಬ್ಬಿ ಮಾಡಿ. ಸೈಕಲನ್ನು ನೆಟ್ಟಗೆ ನಿಲ್ಲಿಸಿ, ಡಬ್ಬಿಗಳನ್ನು ಫೋರ್ಕ್‌ನ ಎರಡೂ ಕಡೆ ಟೇಪು, ಸುತಳಿ ಹಾಕಿ ಕಟ್ಟಿ. ಚಕ್ರದಿಂದ ಎರಡು ಬೆರಳು ದೂರ ಇರಲಿ. ಬ್ಯಾಗಿನ ನಡುಭಾಗ ಚಕ್ರದ ನಡುವಿನ ಅಚ್ಚಿನ (ಆಕ್ಸಲ್) ನೇರಕ್ಕೆ, ಇಲ್ಲವೇ ತುಸು ಹಿಂದೆ ಬರಲಿ.

ಈಗ ಎತ್ತರದ ಲೆಕ್ಕ. ರಿಮ್‌ನಲ್ಲಿ ಟಯರ್ ಕೂರುವ ಜಾಗದ ಅಡ್ಡಳತೆ 406 ಮಿ.ಮೀ., ಟಯರಿನ ದಪ್ಪ ಮೇಲೂ ಕೆಳಗೂ 40 ಮಿ.ಮೀ. ಅಂದರೆ ಚಕ್ರದ ಒಟ್ಟು ಎತ್ತರ ಸುಮಾರು 49 ಸೆಂ.ಮೀ. ಆಕ್ಸಲ್ ನೆಲದಿಂದ ಬರೀ 24 ಸೆಂ.ಮೀ. ಮೇಲೆ! ಬ್ಯಾಗು 30 ಸೆಂ.ಮೀ. ಎತ್ತರ ಇದ್ದು, ಅದನ್ನು ತೂಗುಹಾಕುವ ಸರಳು 42 ಸೆಂ.ಮೀ. ಮೇಲಿದ್ದರೆ, ಬ್ಯಾಗಿನ ತಳ ನೆಲದಿಂದ 12 ಸೆಂ.ಮೀ. ಉಳಿಯುತ್ತದೆ. ಇದಕ್ಕಿಂತ ಕಡಿಮೆ ಬೇಡ. ನಮ್ಮ ಹಳ್ಳಿ ದಾರಿಯ ಹಂಪುಗಳನ್ನು ಅಳತೆ ಪಟ್ಟಿ ಹಿಡಿದು ಕಟ್ಟಿರುವುದಿಲ್ಲ, ಅಲ್ವಾ? ಗಿಡ್ಡ ಬ್ಯಾಗು ಸಿಕ್ಕರೆ ಇನ್ನೂ ಒಳ್ಳೆಯದು. (20 ಇಂಚು ಅಂತ ಬರೆದ ಕೆಲವು ಚಕ್ರಗಳ ಅಳತೆ 451 ಮಿ.ಮೀ. ಇರುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವುದನ್ನು ಓದಿಕೊಂಡು ಲೆಕ್ಕ ಹಾಕಿ.)

ಆಮೇಲೆ ಸೀಟಿನಲ್ಲಿ ಕುಳಿತುಕೊಳ್ಳಿ. ಯಾರಾದರೂ ಹಿಂದಿನಿಂದ ಸೈಕಲ್ ಹಿಡಿದುಕೊಳ್ಳಲಿ. ದಿನಾ ಹಾಕುವ ಬೂಟನ್ನೇ ಹಾಕಿಕೊಂಡು ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿ. ಹಿಮ್ಮಡಿ ಚಕ್ರದ ಹತ್ತಿರ ಬರುವ ಜಾಗ ನೋಡಿಕೊಳ್ಳಿ. ಈಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಬಲಗಡೆಯ ಬ್ಯಾಗು ಮುಂದೆ ಸರಿದು ಬಲ ಹಿಮ್ಮಡಿಯ ಕಡೆ ಬರುತ್ತದೆ. ಬಲಕ್ಕೆ ತಿರುಗಿಸಿದರೆ ಎಡ ಬ್ಯಾಗು ಎಡ ಹಿಮ್ಮಡಿಯ ಕಡೆ. ಎಲ್ಲಿ ತಾಗುತ್ತದೋ ಅಲ್ಲಿ ರಟ್ಟಿನ ಮೇಲೆ ಪೆನ್ನಿನಿಂದ ಗುರುತು ಮಾಡಿ, ಕತ್ತರಿಸಿ, ಮತ್ತೆ ತಿರುಗಿಸಿ.

ಬಲಗಡೆ ಚೈನೂ ಇದೆ. ಈ ಸೈಕಲ್‌ನ ಚೈನು ಉದ್ದ, ಮುಂದಿನ ಚಕ್ರದ ಪಕ್ಕದಲ್ಲೇ ಹಾದು ಹಿಂದೆ ಹೋಗುತ್ತದೆ. ತಗ್ಗಿನಲ್ಲಿ ಕುಲುಕಿದಾಗ ಜೋತಾಡುತ್ತದೆ ಕೂಡ. ಬ್ಯಾಗಿಗೂ ಚೈನಿಗೂ ನಡುವೆ ಕನಿಷ್ಠ 3 ಸೆಂ.ಮೀ. ಬಿಡಿ, ಹ್ಯಾಂಡಲ್ ಯಾವ ಕಡೆ ತಿರುಗಿದರೂ. ಏನು ಮಾಡಿದರೂ ಜಾಗ ಸಾಲದಿದ್ದರೆ ಫೋರ್ಕ್ ಬಿಟ್ಟುಬಿಡಿ. ಫ್ರೇಮಿಗೆ, ಸೀಟಿನ ಕೆಳಗೆ ಕ್ಯಾರಿಯರ್ ಕಟ್ಟುವ ದಾರಿಯೂ ಇದೆ.

ಸರಳು, ಪಟ್ಟಿ, ವೆಲ್ಡಿಂಗ್

ರಟ್ಟಿನ ಮಾದರಿ ಒಪ್ಪಿತವಾದ ಮೇಲೆ ದಪ್ಪ ತಂತಿಯನ್ನು ಅದೇ ಆಕಾರಕ್ಕೆ ಬಗ್ಗಿಸಿ. ವೆಲ್ಡಿಂಗ್ ಅಂಗಡಿಗೆ ಆ ತಂತಿ ತೆಗೆದುಕೊಂಡು ಹೋದರೆ ಬಾಯಲ್ಲಿ ವಿವರಿಸುವ ಕಷ್ಟ ಇಲ್ಲ.

8 ಮಿ.ಮೀ. ಉಕ್ಕಿನ ಸರಳು ಸಾಕು. ಒಂದು ಮೀಟರ್ ಸುಮಾರು 400 ಗ್ರಾಂ ತೂಗುತ್ತದೆ. ಎರಡೂ ಕಡೆ ಸೇರಿ 3 ಮೀಟರ್ ಹಿಡಿದರೆ 1.2 ಕೆ.ಜಿ. 10 ಮಿ.ಮೀ. ಹಾಕಿದರೆ ಅದೇ 1.8 ಕೆ.ಜಿ. ದಾಟುತ್ತದೆ, ಸುಮ್ನೆ ಭಾರ. 6 ಮಿ.ಮೀ. ಮಾತ್ರ ಬೇಡವೇ ಬೇಡ. ನನ್ನ ಮೊದಲ ಕ್ಯಾರಿಯರ್ 6 ಮಿ.ಮೀ.ದೇ ಆಗಿತ್ತು. ಮೇಲೆ ಹಿಡಿಯಲು ಕಡೆಗೊಂದು ತೆಳು ಕ್ಲಿಪ್ ಅಷ್ಟೇ. ಸಾಂಬ್ರಾ ದಾಟಿದ ಮೇಲೆ ಒಂದು ತಗ್ಗಿನಲ್ಲಿ ಎಡಗಡೆಯ ಕ್ಲಿಪ್ ಸಡಿಲಾಯಿತು. ಕ್ಯಾರಿಯರ್ ಕೆಳಗಿನ ಬೋಲ್ಟಿನ ಮೇಲೆ ತಿರುಗಿ ಮುಂದಕ್ಕೆ ವಾಲಿತು, ಬ್ಯಾಗಿನ ಪಟ್ಟಿ ಸ್ಪೋಕ್‌ಗೆ ಸಿಕ್ಕಿತು. ನಿಧಾನ ಹೋಗುತ್ತಿದ್ದೆ, ಮೊಣಕೈ ತರಚಿತು, ಅಷ್ಟಕ್ಕೇ ಮುಗಿಯಿತು. ಇಳಿಜಾರಿನಲ್ಲಿ ಆಗಿದ್ದರೆ ಅನ್ನುವ ಯೋಚನೆ ಈಗಲೂ ಬರುತ್ತದೆ.

ಅದಕ್ಕೇ ಹೇಳುವುದು: ಪ್ರತಿ ಕಡೆ ಎರಡು ಗಟ್ಟಿ ಹಿಡಿತ ಬೇಕು. ಕೆಳಗೆ, ಆಕ್ಸಲ್ ಹತ್ತಿರ ಫೋರ್ಕ್‌ನಲ್ಲಿರುವ 5 ಮಿ.ಮೀ. ಬೋಲ್ಟಿನ ತೂತು. ಮೇಲೆ, 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿಯಿಂದ ಮಾಡಿದ ಎರಡು ಹೋಳಿನ ಕ್ಲ್ಯಾಂಪ್, ಎರಡು ಬೋಲ್ಟು. ಇದರ ಜೊತೆಗೆ ಎಡ–ಬಲ ಎರಡನ್ನೂ ಸೇರಿಸುವ ಒಂದು ಕಮಾನು ಚಕ್ರದ ಮುಂದಿನಿಂದ ಬಳಸಿ ಬರಲಿ. ಅದಿದ್ದರೆ ಒಂದು ಕಡೆಯ ಹಿಡಿತ ಬಿಟ್ಟರೂ ಇನ್ನೊಂದು ಕಡೆ ತಡೆಯುತ್ತದೆ. ಟಯರಿಗೂ ಕಮಾನಿಗೂ ನಡುವೆ 25 ಮಿ.ಮೀ. ಬಿಡಿಸಿ. ಎರೆ ಮಣ್ಣಿನ ದಾರಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟಯರಿಗೆ ಮೆತ್ತಿ ಚಕ್ರವೇ ನಿಂತುಬಿಡುತ್ತದೆ. ಕಮಾನು ಚೈನಿಗೆ ತಾಗದಂತೆ ನೋಡಿಕೊಳ್ಳುವುದೂ ರಟ್ಟಿನ ಹಂತದಲ್ಲೇ ಆಗಬೇಕು.

ವೆಲ್ಡಿಂಗ್ ಕ್ಯಾರಿಯರ್‌ಗೆ ಮಾತ್ರ. ಫೋರ್ಕ್‌ಗೆ ಒಂದು ಚುಕ್ಕೆಯನ್ನೂ ಹಾಕಿಸಬೇಡಿ. 'ಇಲ್ಲೇ ಹಿಡಿಸಿಬಿಡೋಣ್ರೀ, ಗಟ್ಟಿ ಇರ್ತದ' ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಫೋರ್ಕ್‌ನ ಕೊಳವೆ ತೆಳು, ಬಿಸಿ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಬೇಡ ಅನ್ನಿ.

ಕೂರಿಸುವುದು

ಕ್ಲ್ಯಾಂಪ್ ಬರುವ ಜಾಗಕ್ಕೆ ಹಳೆಯ ಟ್ಯೂಬಿನ ತುಂಡು ಒಂದು ಸುತ್ತು ಸುತ್ತಿ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಹಾಕಿ, ಸರಳು ನೆಲಕ್ಕೆ ಸಮಾನಾಂತರ ಇದೆಯಾ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 5 ಮಿ.ಮೀ. ಬೋಲ್ಟಿಗೆ ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಹಾಕಿದರೆ ತೂತಿನೊಳಗಿನ ತಿರುಪು ಹಾಳಾಗುತ್ತದೆ. ಕ್ಲ್ಯಾಂಪಿಗೆ ನೈಲಾನ್ ಬಳೆ ಇರುವ ನಟ್ಟು ಹಾಕಿ. ಡಿಸ್ಕ್ ಬ್ರೇಕ್ ಇದ್ದರೆ ಬೋಲ್ಟಿನ ತುದಿ ಒಳಗೆ ಚಾಚಿ ಡಿಸ್ಕಿಗೆ ಉಜ್ಜಬಾರದು. ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿ.

ಎಲ್ಲ ಬಿಗಿದ ಮೇಲೆ ಉಗುರು ಬಣ್ಣದಲ್ಲಿ ಬೋಲ್ಟಿನ ತಲೆಯಿಂದ ಕ್ಯಾರಿಯರ್‌ವರೆಗೆ ಒಂದು ಗೆರೆ ಎಳೆಯಿರಿ. ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಜೋಳ ಹೇರಿ ನೋಡಿ

ಮೊದಲ ಓಟಕ್ಕೆ ಸಾಮಾನು ಬೇಡ, ಜೋಳ ತುಂಬಿ. ಒಂದೊಂದು ಕಡೆ 2 ಕೆ.ಜಿ., ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಎರಡೂ ಕಡೆ ಸಮ ಮಾಡಿ. ನಡೆಯುವ ವೇಗದಲ್ಲಿ ಖಾಲಿ ಮೈದಾನದಲ್ಲಿ ಎಂಟರ ಆಕಾರ ಸುತ್ತಿ. ಹ್ಯಾಂಡಲ್ ಮೊದಲಿಗಿಂತ ಭಾರ ಅನಿಸುತ್ತದೆ, ತಿರುಗಿಸಲು ತುಸು ತಡವಾಗುತ್ತದೆ. ಅರ್ಧ ತಾಸಿನಲ್ಲಿ ಕೈಗೆ ರೂಢಿಯಾಗುತ್ತದೆ. ಬ್ರೇಕ್ ಹಿಡಿದೂ ನೋಡಿ.

ಆಮೇಲೆ ಟಿಳಕವಾಡಿಯ ರೈಲ್ವೆ ಗೇಟಿನಂಥ ಕಡೆ ಹಳಿ ದಾಟಿ. ಮಾಮೂಲಿ ಸೈಕಲ್‌ನಲ್ಲಿ ತಗ್ಗು ಬಂದರೆ ಪೆಡಲ್ ಮೇಲೆ ಎದ್ದು ನಿಲ್ಲುತ್ತೇವೆ. ಇಲ್ಲಿ ಹಾಗೆ ಏಳುವಂತಿಲ್ಲ, ಮೈಭಾರವೆಲ್ಲ ಸೀಟಿನಲ್ಲೇ. ಚಕ್ರಕ್ಕೆ ಬಿದ್ದ ಏಟು ಪೂರ್ತಿಯಾಗಿ ಕ್ಯಾರಿಯರ್‌ಗೂ ಬೀಳುತ್ತದೆ. ದಾಟಿದ ಮೇಲೆ ನಿಂತು ವೆಲ್ಡಿಂಗ್ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯಾ ಅಂತ ಬೆರಳಾಡಿಸಿ ನೋಡಿ. ಎಲ್ಲ ಸರಿ ಇದ್ದರೆ ಒಂದೊಂದು ಕಡೆ 4 ಕೆ.ಜಿ.ವರೆಗೆ ಏರಿಸಿ. ಅದಕ್ಕಿಂತ ಜಾಸ್ತಿ ನಾನು ಹೇರುವುದಿಲ್ಲ. ನೀರು, ಉಪಕರಣ, ರೊಟ್ಟಿ ಬುತ್ತಿಯಂಥ ಭಾರದ ಸಾಮಾನು ಬ್ಯಾಗಿನ ತಳದಲ್ಲಿರಲಿ.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ನಡುವೆ ನಾವು ತುಂಬಾ ಕೆಳಗಿರುತ್ತೇವೆ. ಅದಕ್ಕೆ ಸೀಟಿನ ಹಿಂದೆ ಉದ್ದ ಕೋಲಿಗೆ ಕೇಸರಿಯೋ ಹಳದಿಯೋ ಒಂದು ಬಟ್ಟೆ ಕಟ್ಟಿಕೊಳ್ಳಿ. ಗೋಕಾಕಿಗೆ ಹೊರಟರೆ ಮೊದಲ 20 ಕಿ.ಮೀ. ಆದ ಮೇಲೆ ಚಹಾಕ್ಕೆ ನಿಲ್ಲಿ. ಚಹಾ ಬರುವಷ್ಟರಲ್ಲಿ ಆರೂ ಬೋಲ್ಟಿನ ಗೆರೆ ನೋಡಿ, ಮುರಿದದ್ದನ್ನು ಬಿಗಿದು, ಹೊಸ ಗೆರೆ ಎಳೆಯಿರಿ. ಉಗುರು ಬಣ್ಣದ ಸೀಸೆ ಎಡಗಡೆಯ ಬ್ಯಾಗಿನಲ್ಲೇ ಇರಲಿ.