ಹಸಿರು ಶಾಯಿಯ ಪೆನ್ನು

ದಾಖಲೆಗಳ ಪ್ರಕಾರ ನಾನು ಹುಟ್ಟಿದ್ದು ಜೂನ್ 1ರಂದು. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖು ಅದು. ನನ್ನ ಓರಗೆಯವರಲ್ಲಿ ಅನೇಕರಿಗೆ ಅದೇ ಜನ್ಮದಿನ. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುವುದು ನಿಯಮವಾದ್ದರಿಂದ, 60 ತುಂಬುವ ವರ್ಷದ ಮೇ 31ರಂದು, ತಿಪಟೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯ ಹುದ್ದೆಯ ಪ್ರಭಾರ ವಹಿಸಿಕೊಟ್ಟು, ಶಾಲು ಮತ್ತು ಏಲಕ್ಕಿ ಹಾರದೊಂದಿಗೆ ಮನೆಗೆ ಬಂದೆ.

ಹುದ್ದೆ ಹೋಗಿದೆ ಎಂಬುದು ಮನಸ್ಸಿಗೆ ನಾಟಿದ್ದು ಎರಡು ವಾರಗಳ ನಂತರ. ಪಕ್ಕದ ಬೀದಿಯ ಹುಡುಗನೊಬ್ಬ ಅಂಕಪಟ್ಟಿಯ ಜೆರಾಕ್ಸ್ ಹಿಡಿದು, "ಸಾರ್, ಅಟೆಸ್ಟ್ ಮಾಡಿಕೊಡಿ" ಎಂದು ಬಂದ. ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಪೆನ್ನು ಜೇಬಿನಲ್ಲೇ ಇತ್ತು. ಮೊಹರು ಮಾತ್ರ ಶಾಲೆಯ ಬೀರುವಿನಲ್ಲಿತ್ತು. "ನಾನೀಗ ಮಾಡುವ ಹಾಗಿಲ್ಲಪ್ಪ" ಎಂದು ಅವನನ್ನು ಕಳಿಸಿದ ಮೇಲೆ, ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಬಹಳ ಹೊತ್ತು ಕೂತಿದ್ದೆ.

ಖಾಲಿ ಬಿದ್ದ ಜಾಗವನ್ನು ತುಂಬಲು ದೇವಸ್ಥಾನ ಸಮಿತಿಯ ಕಾರ್ಯದರ್ಶಿಯಾದೆ. ಮೂರನೆಯ ಸಭೆಯಲ್ಲಿ, ತಡವಾಗಿ ಬಂದವರಿಂದ ಕಾರಣ ಕೇಳತೊಡಗಿದಾಗ, ಕಿರಿಯರೊಬ್ಬರು "ಇದು ಸ್ಕೂಲಲ್ಲ ಸಾರ್" ಎಂದು ನಕ್ಕರು. ಅವಮಾನವೆನಿಸಿದರೂ ಅವರು ಹೇಳಿದ್ದು ಸರಿಯಾಗಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಹೆಲೆನ್ ಈಬಾ ಸ್ವತಃ ಕ್ರೈಸ್ತ ಸನ್ಯಾಸಿನಿಯಾಗಿದ್ದು ಆ ಜೀವನವನ್ನು ಬಿಟ್ಟು ಬಂದವರು. ಹುದ್ದೆ, ಸಂಬಂಧಗಳಂತಹ ಸಾಮಾಜಿಕ ಪಾತ್ರಗಳಿಂದ ಹೊರಬರುವುದನ್ನು ಕುರಿತು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟುಬಂದ ಪಾತ್ರದ ಒಂದಷ್ಟು ಅಂಶ ಹೊಸ ಬದುಕಿನಲ್ಲೂ ಉಳಿದುಕೊಳ್ಳುವುದನ್ನು ಅವರು ಗುರುತಿಸಿದ್ದಾರೆಂದು ಸಮಾಜಶಾಸ್ತ್ರ ಓದಿದ ಮಗಳು ಫೋನಿನಲ್ಲಿ ವಿವರಿಸಿದಳು. ಗಣಿತದ ಮೇಷ್ಟ್ರಾದ ನನಗೆ ಅದು 'ಶೇಷ' ಎಂದು ಕೇಳಿಸಿತು. ಹಳೆಯ ಪರೀಕ್ಷಾ ನೋಟ್‌ಬುಕ್ಕೊಂದರಲ್ಲಿ ಎರಡು ಕಾಲಂ ಹಾಕಿ, ದಿನದಲ್ಲಿ ಎಲ್ಲೆಲ್ಲಿ ಮನಸ್ಸು ಚುರುಕ್ಕೆಂದಿತೋ ಅದನ್ನೆಲ್ಲ ಒಂದು ತಿಂಗಳು ಅದೇ ಹಸಿರು ಪೆನ್ನಿನಲ್ಲಿ ಬರೆದೆ: ಎಡಕ್ಕೆ ಕುರ್ಚಿಯಿಂದ ಬಂದದ್ದು, ಬಲಕ್ಕೆ ಕುರ್ಚಿ ಸಿಗುವ ಮೊದಲೇ ನನ್ನಲ್ಲಿದ್ದದ್ದು. ನಮಸ್ಕಾರಕ್ಕೆ ಕಾಯುವುದು, ಮದುವೆಮನೆಯಲ್ಲಿ ಮುಂದಿನ ಸಾಲನ್ನು ಹುಡುಕುವುದು, ಕರೆಯದಿದ್ದರೂ ಸಲಹೆ ಕೊಡುವುದು ಎಲ್ಲ ಎಡಕ್ಕೆ ಹೋದವು. ಬಲಕ್ಕೆ ಬಂದವು 6. ಅವುಗಳಲ್ಲಿ ಗಟ್ಟಿಯಾದದ್ದು ಒಂದೇ: ತಪ್ಪಿದ ಲೆಕ್ಕದಲ್ಲಿ ಯಾವ ಹಂತದಲ್ಲಿ ಎಡವಿದ್ದೆಂದು ಹುಡುಕುವ ಹಂಬಲ. ಮರುವಾರವೇ ಕಾರ್ಯದರ್ಶಿ ಸ್ಥಾನ ಬಿಟ್ಟೆ.

ಎರಡು ವರ್ಷಗಳ ನಂತರ ಹೆಂಡತಿ ತೀರಿಕೊಂಡಳು. ಪಿಂಚಣಿ ಕಡತಕ್ಕೆಂದು ಸ್ಟುಡಿಯೋಗೆ ಹೋಗಿ ತೆಗೆಸಿದ ಜಂಟಿ ಭಾವಚಿತ್ರವೇ ನಾವಿಬ್ಬರೂ ಒಟ್ಟಿಗಿರುವ ಕೊನೆಯ ಚಿತ್ರ. ನೋಟ್‌ಬುಕ್ಕಿನ ವಿಧಾನ ಇಲ್ಲಿ ನಡೆಯಲಿಲ್ಲ. ಯಾವುದು ಅವಳಿಂದ ಬಂದದ್ದು, ಯಾವುದು ನನ್ನದು ಎಂದು ಬೇರ್ಪಡಿಸಲು ಕೂತರೆ ಗೆರೆ ಎಳೆಯಲು ಕೈ ಬರುತ್ತಿರಲಿಲ್ಲ. ಹಾಗಾಗಿ ಅದನ್ನು ಮುಚ್ಚಿಟ್ಟು ಅಡುಗೆಮನೆಗೆ ಹೋದೆ. ಮೊದಲ ತಿಂಗಳು ಸಾರು ಒಂದು ದಿನ ಉಪ್ಪು, ಒಂದು ದಿನ ಸಪ್ಪೆ. ಬೇಳೆ, ನೀರು, ಹುಣಸೆ, ಪುಡಿ ಹೀಗೆ ಒಂದೊಂದನ್ನೇ ಬದಲಿಸಿ ನೋಡುತ್ತ ಹೋದಾಗ, ಬೇಳೆ ಬೆಂದ ಕಟ್ಟನ್ನು ನಾನು ಚೆಲ್ಲುತ್ತಿದ್ದುದೇ ಸಾರು ತೆಳುವಾಗಲು ಕಾರಣವೆಂದು ಗೊತ್ತಾಯಿತು. ಹೇಳಿಕೊಡಬೇಕಾದವಳು ಇರಲಿಲ್ಲ, ಹುಡುಕಿದ್ದು ಆ ಬಲಗಡೆಯ ಹಂಬಲವೇ. ಆ ದಿನ ಎರಡು ಲೋಟ ಸಾರು ಕುಡಿದೆ.

ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ಬದುಕಿದ್ದೇವೆಂದು ಜೀವಿತ ಪ್ರಮಾಣಪತ್ರ ಕೊಡಬೇಕು. ಕಳೆದ ಸಲ ಬ್ಯಾಂಕಿನ ಯಂತ್ರ ನನ್ನ ಬೆರಳಚ್ಚನ್ನು ಮೂರು ಬಾರಿ ಒಪ್ಪಲಿಲ್ಲ. ಕಾಯುವಾಗ ಗುಮಾಸ್ತೆ, "ಏನಾಗಿದ್ರಿ ಸಾರ್?" ಎಂದು ವಿಚಾರಿಸಿದರು. "ಲೆಕ್ಕ ಹೇಳಿಕೊಡುತ್ತಿದ್ದೆ, ಈಗ ಅಡುಗೆ ಕಲಿಯುತ್ತಿದ್ದೇನೆ" ಎಂದೆ. ಅವರು ತಲೆಯೆತ್ತದೆ, "ಹೆಬ್ಬೆರಳು ಒರೆಸಿಕೊಂಡು ಇನ್ನೊಂದ್ಸಲ ಇಡಿ" ಎಂದರು.